ಹೇಳ್ಲಿಕ್ಕಿಲ್ಲ ಎಂದ ಖದೀಜ

ಸಿದ್ಧಕಟ್ಟೆ ಪೇಟೆಯಲ್ಲಿ ಖದೀಜಳಿಗೆ ಸೊಕ್ಕಿನ ಹೆಂಗಸು ಎಂಬ ಹೆಸರಿತ್ತು. ಕಾರಣ ದೊಡ್ಡದೇನಲ್ಲ. ದಾರಿಯಲ್ಲಿ ಎದುರಾದ ಯಾರನ್ನೂ ಅವಳು ತಾನಾಗಿ ಮಾತನಾಡಿಸುತ್ತಿರಲಿಲ್ಲ. ಎದುರಿನವರು ಮಾತನಾಡಿಸಿದರೆ ನಿಂತು, ನಕ್ಕು, ಮಕ್ಕಳ ಪರೀಕ್ಷೆ ವಿಚಾರಿಸಿ ಮುಂದೆ ಹೋಗುತ್ತಿದ್ದಳು. ಅವರು ಸುಮ್ಮನಿದ್ದರೆ ಇವಳೂ ಸುಮ್ಮನೆ. ಗುರುತಿನವರನ್ನು ಕಂಡು "ಎಲ್ಲಿಗೆ ಹೊರಟದ್ದು?" ಎಂದು ಕೇಳದೆ ದಾಟಿದರೆ ಅಪರಾಧವೆಂದು ಎಣಿಸುವ ಊರು ನಮ್ಮದು. ಮೀನಿನ ಅಂಗಡಿಯವನು ಒಮ್ಮೆ ಅವಳಿಗೆ ಕೇಳುವಂತೆಯೇ ಪಕ್ಕದವನಿಗೆ ಹೇಳಿದ್ದ: "ಮೇಡಮ್ಮನಿಗೆ ನಮ್ಮ ಮುಖ ಕಾಣುದಿಲ್ಲ ಮಾರಾಯ. ಬಂಗುಡೆಯ ಮುಖ ಮಾತ್ರ ಕಾಣುದು."

ಅವಳು ಆಪ್ತ ಸಮಾಲೋಚಕಿ. ಊರಿನ ಬಾಯಲ್ಲಿ ಕೌನ್ಸೆಲಿಂಗ್ ಮೇಡಂ. ನಿದ್ದೆ ಬಾರದವರು, ಸತ್ತವರನ್ನು ಮರೆಯಲಾರದವರು, ಕುಡಿತ ಬಿಡಲಾಗದವರು, ಗಂಡ ಗಲ್ಫಿನಿಂದ ಬಂದರೂ ಕಷ್ಟ, ಬಾರದಿದ್ದರೂ ಕಷ್ಟ ಎನ್ನುವವರು ಅವಳೆದುರು ಕುಳಿತು ಮಾತನಾಡಿ ಹೋಗುತ್ತಾರೆ. ಅಂಥ ಒಬ್ಬಳನ್ನು ಅವಳು ಬಸ್‌ಸ್ಟ್ಯಾಂಡಿನಲ್ಲಿ ತಾನಾಗಿ ಮಾತನಾಡಿಸಿದಳು ಎನ್ನಿ, ಪಕ್ಕದಲ್ಲಿ ನಿಂತ ಅತ್ತೆ "ಇವರು ನಿನಗೆ ಹೇಗೆ ಗುರ್ತ?" ಎಂದು ಕೇಳುತ್ತಾಳೆ. ಆ ಪ್ರಶ್ನೆ ಮನೆಯವರೆಗೂ ಹೋಗುತ್ತದೆ. ಹಾಗೆಂದು ಬಂದವರನ್ನು ಮಾತ್ರ ಬಿಟ್ಟು ಉಳಿದವರನ್ನು ಮಾತನಾಡಿಸಿದರೆ, ಬಿಟ್ಟವರೇ ಬಂದವರೆಂದು ಜನ ಲೆಕ್ಕ ಹಾಕುತ್ತಾರೆ. ಆದ್ದರಿಂದ ಯಾರನ್ನೂ ಇಲ್ಲ. ಸ್ವಂತ ಚಿಕ್ಕಮ್ಮ ಬೀಬಿ ಎದುರಾದರೂ ಚಿಕ್ಕಮ್ಮನೇ ಮೊದಲು ಬಾಯಿ ತೆರೆಯಬೇಕು. ಬೀಬಿ ತನ್ನ ಮಗನಿಗೆ ನೋಡಿದ ಹುಡುಗಿಯ ವಿಷಯ ಕೇಳಿ, ಉತ್ತರ ಸಿಗದೆ, ಬಾಯಿ ತೆರೆಯುವುದನ್ನೇ ಬಿಟ್ಟಿದ್ದಳು.

ಇದಕ್ಕೆಲ್ಲ ಒಂದು ಮೂಲವಿತ್ತು. ಖದೀಜಳ ತಂದೆ ಮೊಯಿದಿನಬ್ಬ ಕಲ್ಲಡ್ಕದಲ್ಲಿ ದಿನಸಿ ಅಂಗಡಿ ಇಟ್ಟಿದ್ದವರು. ಹೆಣ್ಣು ನೋಡಲು ಹೊರಟ ಮನೆಯವರು, ಯಾವ ಜಾತಿಯವರೇ ಆಗಲಿ, ಮೊದಲು ಅಂಗಡಿಗೆ ಬಂದು ವಿಚಾರಿಸುವುದು ಇಲ್ಲಿನ ಪದ್ಧತಿ. ಒಮ್ಮೆ ಹೀಗೆ ಬಂದವರಿಗೆ ಮೊಯಿದಿನಬ್ಬ ನೆರೆಮನೆಯ ಹುಡುಗಿಯ ಬಗ್ಗೆ, "ಒಳ್ಳೆ ಹುಡುಗಿ. ಈಗ ಸ್ವಲ್ಪ ಮಂಡೆಬಿಸಿಯಲ್ಲಿದ್ದಾಳೆ" ಎಂದರು. ತಾಯಿ ಆಸ್ಪತ್ರೆಯಲ್ಲಿದ್ದುದರಿಂದ ಹುಡುಗಿಗೆ ಚಿಂತೆ ಎಂಬಷ್ಟೇ ಅವರ ಅರ್ಥ. ಆ ಮಾತು ಗಂಡಿನ ಮನೆ ತಲುಪುವಾಗ "ಮಂಡೆ ಸಮ ಇಲ್ಲ" ಎಂದಾಗಿತ್ತು. ಆ ಹುಡುಗಿಯನ್ನು ನೋಡಲು ಮತ್ತೆ ಯಾರೂ ಬರಲಿಲ್ಲ. ಅಕ್ಕಿ ಅಳೆಯುವ ಡಬ್ಬದ ಪಕ್ಕ ಕುಳಿತು ಶಾಲೆಯ ಪಾಠ ಓದುತ್ತಿದ್ದ ಖದೀಜ ಆ ಮಾತನ್ನೂ ಕೇಳಿದ್ದಳು, ಅದರ ಫಲವನ್ನೂ ನೋಡಿದ್ದಳು. ಮುಂದೆ ಮಂಗಳೂರಿನಲ್ಲಿ ಓದಿ, ಆಸ್ಪತ್ರೆಯೊಂದರ ಮನೋರೋಗ ವಿಭಾಗದಲ್ಲಿ ಪಳಗಿ ಊರಿಗೆ ಹತ್ತಿರ ಬಂದಾಗ, ಅವಳಿಗೆ ಗೋಪ್ಯತೆ ಎಂಬುದನ್ನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಬೆಳ್ತಂಗಡಿಯಲ್ಲಿ ಹೋಟೆಲು ನಡೆಸುವ ಶೇಖರ ಎಂಬವರು ಸಿದ್ಧಕಟ್ಟೆಯ ತಮ್ಮ ಕಟ್ಟಡವೊಂದನ್ನು ಕೊಟ್ಟು, ಟ್ರಸ್ಟ್ ಮಾಡಿ, ಅವಳ ಕೇಂದ್ರವನ್ನು ಆರಂಭಿಸಿದ್ದರು. ಒಳ್ಳೆಯ ಉದ್ದೇಶದಿಂದಲೇ ಆರಂಭಿಸಿದ್ದು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕಾನೂನು ಪಾಠ ಮಾಡಿ ನಿವೃತ್ತಳಾದವಳು ಒಬ್ಬಳಿದ್ದರೆ ಅನುಕೂಲ ಎಂದು ನನ್ನನ್ನೂ ಟ್ರಸ್ಟಿಗೆ ಸೇರಿಸಿದರು. ಕಾನೂನು ಅವರಿಗೆ ಬೇಕಾಗಿದ್ದುದು ನೋಂದಣಿಯ ದಿನಕ್ಕೆ ಮಾತ್ರ ಎಂಬುದು ಆಮೇಲೆ ತಿಳಿಯಿತು.

ಖದೀಜ ಬಾಯಿ ಬಿಡಬಾರದೆಂಬ ಹಟದವಳು ಎಂದು ಯಾರೂ ತಿಳಿಯಬಾರದು. ಬಿಡಬೇಕಾದಲ್ಲಿ ಬಿಟ್ಟಿದ್ದಾಳೆ. ಟ್ಯೂಷನ್ ಹೇಳುತ್ತಿದ್ದ ಒಬ್ಬ ಗೌರವಸ್ಥ ಒಂದು ಮಗುವಿನೊಂದಿಗೆ ನಡೆದುಕೊಂಡ ರೀತಿ ಅವಳ ಕಿವಿಗೆ ಬಿದ್ದಾಗ ಅದೇ ದಿನ ಠಾಣೆಗೆ ಹೋಗಿ ತಿಳಿಸಿದಳು. ಪೋಕ್ಸೊ ಕಾಯ್ದೆಯಲ್ಲಿ ಅದು ಇಷ್ಟವಿದ್ದರೆ ಮಾಡುವ ಕೆಲಸವಲ್ಲ, ತಿಳಿಸದಿರುವುದೇ ಅಪರಾಧ. ಅಂದು ಶೇಖರ ಅವಳಿಗೆ ಫೋನು ಮಾಡಿ, "ಎಂತ ಮೇಡಂ ಇದು? ನಿಮಗೆ ಸುಮ್ಮನೆ ಇರ್ಲಿಕ್ಕೆ ಆಗುದಿಲ್ವಾ?" ಎಂದು ಕೇಳಿದ್ದರು. ಈ ಪ್ರಶ್ನೆಯನ್ನು ಓದುಗರು ನೆನಪಿನಲ್ಲಿಡಬೇಕು.

ಇನ್ನು ನಡೆದ ವಿಷಯ.

ಮೂಡುಬಿದಿರೆಯ ಒಂದು ಸಭಾಭವನದಲ್ಲಿ ಮದುವೆಯ ಊಟ ಮುಗಿದಿತ್ತು. ಕೈ ತೊಳೆಯುವ ನಲ್ಲಿಗಳ ಹತ್ತಿರ ನೂಕುನುಗ್ಗಲು. ಶೇಖರರ ಅಕ್ಕ ಕಾಂತಿ ಅಲ್ಲಿ ಖದೀಜಳನ್ನು ಹಿಡಿದರು.

"ಮೇಡಂ, ಮಸ್ಕತ್ತಿನಲ್ಲಿರುವ ನನ್ನ ಮಗ ಶೋಧನ್‌ಗೆ ಒಂದು ಹುಡುಗಿ ನೋಡಿದ್ದೇವೆ. ಇಲ್ಲೇ ಮೂಡುಬಿದಿರೆಯಲ್ಲಿ ಟೀಚರ್. ನೆರಿಯದ ಮಾಯಿಲಪ್ಪಣ್ಣನ ಮಗಳು, ಅಕ್ಷಿತಾ. ನಿಮ್ಮಲ್ಲಿಗೆ ಬರ್ತಿದ್ಲು ಅಂತ ಯಾರೋ ಹೇಳಿದ್ರು. ಎಂತಾದ್ರೂ ಉಂಟಾ?"

"ಹೇಳ್ಲಿಕ್ಕಿಲ್ಲ" ಎಂದಳು ಖದೀಜ. ಕೈ ಒರೆಸಿಕೊಂಡು ಹೊರಟಳು.

ಘಟ್ಟದ ಮೇಲಿನ ಓದುಗರಿಗೆ ಇದನ್ನು ಬಿಡಿಸಬೇಕು. ನಮ್ಮ ಕನ್ನಡದಲ್ಲಿ ‘ಹೇಳ್ಲಿಕ್ಕಿಲ್ಲ’ ಎಂದರೆ ಹೇಳಬಾರದು ಎಂದೂ ಆಗುತ್ತದೆ, ಹೇಳುವಂಥದ್ದು ಏನೂ ಇಲ್ಲ ಎಂದೂ ಆಗುತ್ತದೆ. ಸ್ವರ ಸ್ವಲ್ಪ ಎಳೆದರೆ ಹೊಗಳಿಕೆಯೂ ಆದೀತು. ಅದೇ ಊಟದಲ್ಲಿ "ಪಾಯಸ ಹೇಳ್ಲಿಕ್ಕಿಲ್ಲ ಮಾರಾಯ್ರೆ" ಎಂದು ಎಷ್ಟೋ ಜನ ಹೇಳಿದ್ದರು. ಕಾಂತಿಗೆ ಕೇಳಿಸಿದ್ದು ಮೊದಲನೆಯ ಅರ್ಥ: ಹೇಳಬಾರದಂಥದ್ದು ಏನೋ ಉಂಟು. ಪಕ್ಕದ ನಲ್ಲಿಯಲ್ಲಿ ಅಕ್ಷಿತಾಳ ಚಿಕ್ಕಮ್ಮ ಕೈ ತೊಳೆಯುತ್ತಿದ್ದಳು. ಅವಳಿಗೆ ಕೇಳಿಸಿದ್ದು ಎರಡನೆಯದು: ಏನೂ ಇಲ್ಲ, ಹುಡುಗಿ ಶುದ್ಧ. ಸಂಜೆಯೊಳಗೆ ಗಂಡಿನ ಕಡೆಯವರು ಮಾತುಕತೆ ನಿಲ್ಲಿಸಿದರು. ಹೆಣ್ಣಿನ ಕಡೆಯವರು ನಿಶ್ಚಿತಾರ್ಥಕ್ಕೆ ದಿನ ಕೇಳಿ ಫೋನು ಮಾಡಿದರು. ಎರಡೂ ಮನೆಯವರು ಖದೀಜ ಮೇಡಮ್ಮನೇ ಹೇಳಿದ್ದು ಎಂದು ಆಣೆ ಹಾಕುತ್ತಿದ್ದರು.

"ಬೇಕೆಂದೇ ಆ ಶಬ್ದ ಬಳಸಿದೆಯಾ?" ಎಂದು ನಾನು ಕೇಳಿದೆ.

"ಇಲ್ಲ ಟೀಚರ್. ಯಾವಾಗಲೂ ಪೂರ್ತಿ ವಾಕ್ಯ ಹೇಳ್ತೇನೆ: ಯಾರು ಬಂದರು, ಯಾರು ಬರಲಿಲ್ಲ ಅಂತ ನಾನು ಹೇಳುವುದಿಲ್ಲ ಅಂತ. ಅವತ್ತು ಹಿಂದೆ ಜನ ನೂಕ್ತಾ ಇದ್ರು, ಬಾಯಿಗೆ ಅದೇ ಬಂತು. ತಪ್ಪಾಯ್ತು."

"ಈಗ ಸರಿಪಡಿಸುತ್ತೀಯಾ?"

"ಹೇಗೆ? ಯಾವ ಅರ್ಥ ಅಂತ ಬಿಡಿಸಿದ್ರೂ ಅಕ್ಷಿತಾಳ ವಿಷಯ ಹೇಳಿದ ಹಾಗೇ ಆಗ್ತದೆ."

ಅಂದರೆ ಇಡೀ ಮದುವೆ ಈಗ ಒಂದು ಶಬ್ದದ ಅರ್ಥದ ಮೇಲೆ ನಿಂತಿತ್ತು. ಆ ಅರ್ಥ ಹೇಳಬಲ್ಲ ಒಬ್ಬಳೇ ಹೆಂಗಸು ಹೇಳುವುದಿಲ್ಲ ಎಂದು ಕುಳಿತಿದ್ದಳು. ಅವಳ ಹೆಸರು ಖದೀಜ ಎಂಬುದರಿಂದ ಸುದ್ದಿಗೆ ಇನ್ನೊಂದು ಬಾಲ ಸೇರಲು ತಡವಾಗಲಿಲ್ಲ. ನಮ್ಮವರ ಮದುವೆ ಮುರಿಯಲು ಅವರಿಗೆ ಎಷ್ಟು ಧೈರ್ಯ ಎಂದು ಕೆಲವರು ಹೇಳಿದರು. ಅದೇ ಹೊತ್ತಿಗೆ ಕಲ್ಲಡ್ಕದಲ್ಲಿ ಬೀಬಿ, "ಅವಳು ನಮ್ಮವರಿಗೇ ಹೇಳುದಿಲ್ಲ, ನಿಮಗೆ ಹೇಳ್ತಾಳಾ?" ಎಂದು ನಕ್ಕಳಂತೆ. ಈ ಇಡೀ ಪ್ರಕರಣದಲ್ಲಿ ಖದೀಜಳಿಗೆ ಸಿಕ್ಕಿದ ಏಕೈಕ ಒಳ್ಳೆಯ ಸಾಕ್ಷಿ ಅದು. ಕೊಟ್ಟವಳಿಗೆ ಅದು ಗೊತ್ತಿರಲಿಲ್ಲ.

ಮುಂದಿನ ವಾರ ಮಾಯಿಲಪ್ಪ ನೆರಿಯದಿಂದ ಬಂದರು. ಅರಣ್ಯ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಮನುಷ್ಯ, ಮಾತಿಗೆ ಸುತ್ತುಬಳಸು ಇಲ್ಲ. ನಾನು ಅಂದು ಕೇಂದ್ರದ ವರಾಂಡದಲ್ಲಿದ್ದೆ. ಖದೀಜ ಬೆಲ್ಲ ನೀರು ತಂದಿಟ್ಟಳು. ಅವರು ಮುಟ್ಟಲಿಲ್ಲ.

"ನನ್ನ ಮಗಳು ಇಲ್ಲಿಗೆ ಬಂದದ್ದುಂಟಾ?"

"ಯಾರು ಬಂದರು, ಯಾರು ಬರಲಿಲ್ಲ ಅಂತ ನಾನು ಹೇಳುವುದಿಲ್ಲ, ಮಾಯಿಲಪ್ಪಣ್ಣ."

"ನಾನು ಅವಳ ಅಪ್ಪ."

"ಅವಳು ಸಣ್ಣ ಮಗು ಅಲ್ಲವಲ್ಲ. ಅಪ್ಪನಿಗೂ ಅದೇ ಉತ್ತರ."

"ಅವಳು ಬರ್ಲಿಲ್ಲ. ನನಗೆ ಗೊತ್ತುಂಟು. ಬರ್ಲಿಲ್ಲ ಅಂತ ಒಂದು ಮಾತು ಹೇಳಿ, ಸಾಕು. ಸತ್ಯ ಹೇಳ್ಲಿಕ್ಕೆ ಎಂತ ಕಷ್ಟ ನಿಮಗೆ?"

"ಬಾರದವರನ್ನು ಬರ್ಲಿಲ್ಲ ಅಂತ ಹೇಳ್ಲಿಕ್ಕೆ ಶುರು ಮಾಡಿದ್ರೆ, ನಾಳೆ ಯಾರದ್ದೋ ವಿಷಯದಲ್ಲಿ ನಾನು ಸುಮ್ಮನೆ ಕೂತಾಗ ಎಲ್ಲರಿಗೂ ಗೊತ್ತಾಗ್ತದೆ. ಬಾಯಿ ಮುಚ್ಚಿಕೊಂಡೇ ಎಲ್ಲ ಹೇಳಿದ ಹಾಗೆ ಆಗ್ತದೆ."

"ಅಂದ್ರೆ ಬೇರೆಯವರ ಮಕ್ಕಳನ್ನು ಕಾಯ್ಲಿಕ್ಕೆ ನನ್ನ ಮಗಳನ್ನು ಬಾವಿಗೆ ಹಾಕುದು?"

ಖದೀಜ ಬೆಲ್ಲ ನೀರಿನ ಲೋಟವನ್ನು ಅವರ ಹತ್ತಿರಕ್ಕೆ ಸರಿಸಿದಳು. ಆಮೇಲೆ, "ನಿಮ್ಮ ಮಗಳಿಗೆ ಕಷ್ಟ ಆಗ್ತಾ ಉಂಟು. ಅದು ನನಗೆ ಗೊತ್ತಿಲ್ಲದೆ ಅಲ್ಲ. ಆದ್ರೂ ಹೇಳುವುದಿಲ್ಲ" ಎಂದಳು.

"ಕಲಿತವರು ನೀವು" ಎಂದು ಎದ್ದರು ಮಾಯಿಲಪ್ಪ. ಅದನ್ನು ಬೈಗುಳದಂತೆ ಹೇಳಿದರು. ಬೆಲ್ಲ ನೀರನ್ನು ಮುಟ್ಟದೆ ಹೋಗುವುದು ನಮ್ಮಲ್ಲಿ ಸಣ್ಣ ವಿಷಯವಲ್ಲ. ಆ ಮನುಷ್ಯನ ಕೋಪದಲ್ಲಿ ನ್ಯಾಯವಿತ್ತು. ನಾನು ಕಲಿಸಿದ ಕಾನೂನಿನಲ್ಲಿ ಇಂಥ ತಂದೆಗೆ ಕೊಡಲು ಸಮಾಧಾನವಿಲ್ಲ, ಉತ್ತರ ಮಾತ್ರ ಇದೆ. ಉತ್ತರವನ್ನು ಖದೀಜ ಕೊಟ್ಟಿದ್ದಳು.

ಶೇಖರ ಟ್ರಸ್ಟಿನ ಸಭೆ ಕರೆದರು. ಕೇಂದ್ರದ ಹೊರಕೋಣೆಯಲ್ಲೇ ಸಭೆ. ಸಭೆಗೆ ಸಂಬಂಧವೇ ಇಲ್ಲದ ಕಾಂತಿಯೂ ಬಂದು ತಮ್ಮನ ಪಕ್ಕದಲ್ಲಿ ಕುಳಿತಿದ್ದರು.

"ಮೇಡಂ, ನಾನು ಎಂತ ರಹಸ್ಯವೂ ಕೇಳುದಿಲ್ಲ" ಎಂದು ಶೇಖರ ಮೆತ್ತಗೆ ಆರಂಭಿಸಿದರು. "ನೀವು ಹೇಳಿದ ಶಬ್ದದ ಅರ್ಥ ಮಾತ್ರ ಕೇಳುದು. ಹೇಳ್ಲಿಕ್ಕಿಲ್ಲ ಅಂದ್ರೆ ಇದಾ, ಅದಾ?"

"ಅರ್ಥ ಹೇಳಿದ್ರೆ ಹೇಳಿದ ಹಾಗೇ ಆಯ್ತಲ್ಲ, ಶೇಖರಣ್ಣ."

"ಕನ್ನಡ ಮೇಷ್ಟ್ರನ್ನು ಕರೆಸುವನಾ?" ಎಂದು ಸದಸ್ಯರೊಬ್ಬರು ನಕ್ಕರು. ಬೇರೆ ಯಾರೂ ನಗಲಿಲ್ಲ.

"ಹಾಗಾದ್ರೆ ಒಂದು ಕೆಲಸ ಮಾಡುವ" ಎಂದರು ಶೇಖರ. "ಇನ್ನು ಮುಂದೆ ಮದುವೆಯ ವಿಚಾರಕ್ಕೆ ಯಾರಾದ್ರೂ ಕೇಳಿದ್ರೆ ಕೇಂದ್ರದಿಂದ ಒಂದು ಚೀಟಿ ಕೊಡುವ. ಇವರು ಇಲ್ಲಿಗೆ ಬಂದವರಲ್ಲ ಅಂತ. ಬಂದವರಿಗೆ ಕೊಡುದು ಬೇಡ. ಅವರ ಗುಟ್ಟು ಗುಟ್ಟಾಗಿಯೇ ಇರ್ತದೆ."

ಇದನ್ನು ಅವರು ಉದಾರ ಸಲಹೆಯೆಂದೇ ನಂಬಿದ್ದರು. ನಾನು ಬಾಯಿ ಹಾಕಬೇಕಾಯಿತು. ಚೀಟಿ ಸಿಗದ ಹುಡುಗಿಯ ಹಣೆಯಲ್ಲಿ ಏನು ಬರೆದಂತಾಗುತ್ತದೆ ಎಂದು ಕೇಳಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಹೇಳುತ್ತದೆ, ಅದು ಸಮಾಲೋಚಕಿಯ ಔದಾರ್ಯವಲ್ಲ ಎಂದೆ. ಯಾರದ್ದಾದರೂ ಜೀವಕ್ಕೆ ಅಪಾಯವಿದ್ದರೆ, ಇನ್ನೊಬ್ಬರಿಗೆ ಹಾನಿಯಾಗುವಂತಿದ್ದರೆ, ನ್ಯಾಯಾಲಯ ಆದೇಶಿಸಿದರೆ ಬಾಯಿ ಬಿಡಬಹುದು. ಆ ಕಾಯ್ದೆಯಲ್ಲಿ ಹೆಣ್ಣು ನೋಡುವ ಶಾಸ್ತ್ರಕ್ಕೆ ವಿನಾಯಿತಿ ಇಲ್ಲ ಎಂದೆ.

"ಟೀಚರೇ, ಕಾನೂನೆಲ್ಲ ದಿಲ್ಲಿಯಲ್ಲಿ. ಇಲ್ಲಿ ನಾವು ಒಬ್ಬರ ಮುಖ ಒಬ್ಬರು ನೋಡಿ ಬದುಕುವವರು."

"ಅದಕ್ಕೇ ಇಲ್ಲಿ ಕಾನೂನು ಬೇಕಾದ್ದು" ಎಂದಳು ಖದೀಜ. "ಶೇಖರಣ್ಣ, ಆ ಟ್ಯೂಷನ್ ಮೇಷ್ಟ್ರ ವಿಷಯದಲ್ಲಿ ಸುಮ್ಮನೆ ಇರ್ಲಿಕ್ಕೆ ಆಗುದಿಲ್ವಾ ಅಂತ ಕೇಳಿದ್ದಿರಿ. ಈಗ ಮಾತಾಡ್ಲಿಕ್ಕೆ ಆಗುದಿಲ್ವಾ ಅಂತ ಕೇಳ್ತೀರಿ. ನನ್ನ ಬಾಯಿ ನಿಮ್ಮ ಹೋಟೆಲಿನ ಶಟರ್ ಅಲ್ಲ, ನಿಮಗೆ ಬೇಕಾದಾಗ ಎತ್ತಿ ಬೇಡದಾಗ ಎಳೀಲಿಕ್ಕೆ."

ಶೇಖರರ ಮುಖ ಕೆಂಪಾಯಿತು. "ಕಟ್ಟಡ ನನ್ನದು ಅಂತ ನೆನಪಿರ್ಲಿ."

"ಕಟ್ಟಡ ನಿಮ್ಮದು. ಅದರೊಳಗೆ ಆಡಿದ ಮಾತು ನಿಮ್ಮದಲ್ಲ. ನನ್ನದೂ ಅಲ್ಲ."

ಅಷ್ಟರಲ್ಲಿ ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಹೆಲ್ಮೆಟ್ ಕೈಯಲ್ಲಿ ಹಿಡಿದು ಒಬ್ಬ ಹುಡುಗಿ ಒಳಗೆ ಬಂದಳು. ಕಾಂತಿ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕುಳಿತದ್ದರಿಂದ ಅವಳೇ ಅಕ್ಷಿತಾ ಎಂದು ನನಗೆ ತಿಳಿಯಿತು. ಸಭೆಯ ಸುದ್ದಿ ತಂದೆಯಿಂದ ಅವಳಿಗೆ ತಲುಪಿರಬೇಕು.

"ಬಾ ಮಗಾ, ಕೂತ್ಕೋ. ಒಳ್ಳೇದಾಯ್ತು" ಎಂದರು ಶೇಖರ. ಅವರಿಗೆ ನಿಜಕ್ಕೂ ಸಮಾಧಾನವಾಗಿತ್ತು. "ನಿನ್ನ ವಿಷಯ ನೀನೇ ಹೇಳಿದ್ರೆ ಯಾವ ಕಾನೂನೂ ಅಡ್ಡ ಇಲ್ಲ. ಅಲ್ವಾ ಟೀಚರೇ?"

"ಅವಳು ಹೇಳಬಹುದು" ಎಂದೆ. "ಹೇಳಲೇಬೇಕೆಂದಿಲ್ಲ."

"ಹೇಳ್ತಾಳೆ, ಹೇಳ್ತಾಳೆ. ಒಂದೇ ಮಾತು ಮಗಾ. ನೀನು ಮೇಡಮ್ಮನ ಹತ್ರ ಬರ್ತಿದ್ದದ್ದುಂಟಾ?"

ಕೋಣೆಯಲ್ಲಿ ಎಲ್ಲರೂ ಅವಳನ್ನು ನೋಡುತ್ತಿದ್ದರು, ಖದೀಜಳ ಹೊರತು. ಖದೀಜ ಕಿಟಕಿಯ ಕಡೆ ನೋಡುತ್ತಿದ್ದಳು. ಗುರುತಿನ ಮುಖವೋ ಅಲ್ಲವೋ ಎಂದು ತನ್ನ ಕಣ್ಣಿನಿಂದಲೂ ಯಾರಿಗೂ ತಿಳಿಯಬಾರದೆಂದು. ‘ಇಲ್ಲ’ ಎಂಬ ಒಂದು ಶಬ್ದ ಸಾಕಿತ್ತು. ಸತ್ಯವಾಗಿರಲಿ ಸುಳ್ಳಾಗಿರಲಿ, ಆ ಶಬ್ದಕ್ಕೆ ಮದುವೆ ನಡೆಯುತ್ತಿತ್ತು, ಕೇಂದ್ರ ಉಳಿಯುತ್ತಿತ್ತು, ಮಾಯಿಲಪ್ಪ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು.

"ಹೇಳ್ಲಿಕ್ಕಿಲ್ಲ" ಎಂದಳು ಅಕ್ಷಿತಾ.

"ಅಂದ್ರೆ ಎಂತ?" ಕಾಂತಿಯ ಸ್ವರ ಏರಿತು.

"ನಿಮಗೆ ಹೇಗೆ ಕೇಳ್ತದೋ ಹಾಗೆ, ಅತ್ತೆ..." ಎಂದು ನಿಲ್ಲಿಸಿ, "ಅಲ್ಲ, ಅತ್ತೆ ಅಂತ ಕರೀಲಿಕ್ಕೆ ಇನ್ನೂ ಆಗ್ಲಿಲ್ಲ. ಕಾಂತಕ್ಕ. ನಾನೂ ಒಂದು ಕೇಳ್ತೇನೆ. ಶೋಧನ್ ಮಸ್ಕತ್ತಿನಲ್ಲಿ ಯಾವ ಡಾಕ್ಟ್ರ ಹತ್ರ ಹೋಗ್ತಾರೆ? ರಾತ್ರಿ ನಿದ್ದೆ ಬರ್ತದಾ ಅವರಿಗೆ? ನಾವು ಅಲ್ಲಿಗೆ ಫೋನ್ ಮಾಡಿ ವಿಚಾರಿಸ್ಬಹುದಾ?"

"ನಮ್ಮ ಹುಡುಗನಿಗೆ ಎಂತ ರೋಗ ಉಂಟು ಅಂತ ನೀನು..."

"ನಾನು ಕೇಳಿದ್ದಷ್ಟೇ. ನೋಡಿ, ನಿಮಗೆ ಎಷ್ಟು ಕೋಪ ಬಂತು."

ಕಾಂತಿ ಎದ್ದು ನಿಂತರು. "ಇಷ್ಟು ನಾಲಿಗೆ ಇದ್ರೆ ಮನೆ ಆಳಿದ ಹಾಗೆಯೇ! ಬಾ ಶೇಖರ, ಹೋಗುವ."

"ಹೌದು, ನಾನೂ ಹೋಗ್ತೇನೆ. ಶಾಲೆಯಿಂದ ಒಂದು ಗಂಟೆ ಪರ್ಮಿಶನ್ ತೆಗೊಂಡು ಬಂದದ್ದು" ಎಂದಳು ಅಕ್ಷಿತಾ. ಹೊಸಿಲಲ್ಲಿ ತಿರುಗಿ, "ಶೇಖರಣ್ಣ, ಆ ಚೀಟಿ ಮಾಡ್ಸಿದ್ರೆ ಮೊದಲನೆಯದು ಶೋಧನ್‌ಗೆ ಕೊಡಿ" ಎಂದು ಹೇಳಿ, ಹೆಲ್ಮೆಟ್ ಹಾಕಿಕೊಂಡು ಹೋದಳು.

ಮದುವೆ ಮುರಿಯಿತು. ತಾವೇ ಬೇಡವೆಂದದ್ದು ಎಂದು ಎರಡೂ ಕಡೆಯವರು ಹೇಳುತ್ತಾರೆ. ಈ ಒಂದು ವಿಷಯದಲ್ಲಿ ಇಬ್ಬರ ಮಾತೂ ನಿಜವಿರಬಹುದು. ಕಟ್ಟಡಕ್ಕೆ ದುರಸ್ತಿ ಉಂಟು ಎಂದು ಹೇಳಿ ಶೇಖರ ಬೀಗ ಹಾಕಿದರು. ದುರಸ್ತಿ ಇನ್ನೂ ಆರಂಭವಾಗಿಲ್ಲ. ನಾನು ಟ್ರಸ್ಟಿಗೆ ರಾಜೀನಾಮೆ ಕೊಟ್ಟೆ. ಮಾಯಿಲಪ್ಪ ಈಗಲೂ ಖದೀಜಳನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ. ಅವರನ್ನು ಒಲಿಸಿಕೊಳ್ಳಲು ಅವಳು ಪ್ರಯತ್ನಿಸಿಲ್ಲ. ಪ್ರಯತ್ನಿಸಲು ಅವಳ ಹತ್ತಿರ ಇರುವುದು ಹೇಳಬಾರದ ಒಂದು ಮಾತು ಮಾತ್ರ.

ಖದೀಜ ಈಗ ಬಂಟ್ವಾಳ ಪೇಟೆಯಲ್ಲಿ ಅಬ್ದುಲ್ ಮಜೀದ್ ಎಂಬವರ ಚಪ್ಪಲಿ ಅಂಗಡಿಯ ಮಹಡಿಯಲ್ಲಿ ಕೂರುತ್ತಾಳೆ. ಮಹಡಿಗೆ ಹೋಗುವ ಮೆಟ್ಟಿಲು ಅಂಗಡಿಯ ಒಳಗಿನಿಂದಲೇ. ಯಾರು ಚಪ್ಪಲಿಗೆ ಬಂದವರು, ಯಾರು ಮೇಲಕ್ಕೆ ಬಂದವರು ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಹಳೆಯ ಕಟ್ಟಡಕ್ಕಿಂತ ಇದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಜನ ಬರುವುದು ಹೆಚ್ಚಾಗಿದೆಯೇ ಎಂದು ಮಜೀದರನ್ನು ಒಮ್ಮೆ ಕೇಳಿ ನೋಡಿದೆ. "ನಾನು ಸ್ಟೂಲಿನಲ್ಲಿ ಕೂತು ಕಾಲು ನೋಡುವವ ಟೀಚರೇ. ಮುಖ ನೋಡುದಿಲ್ಲ" ಎಂದರು.

ಆ ಶಬ್ದ ಮಾತ್ರ ಊರಿನದಾಯಿತು. ಸಿದ್ಧಕಟ್ಟೆಯಲ್ಲಿ "ಬಂಗುಡೆ ಇವತ್ತಿನದ್ದಾ?" ಎಂದು ಕೇಳಿದರೆ ಮೀನಿನವನು "ಹೇಳ್ಲಿಕ್ಕಿಲ್ಲ" ಎನ್ನುತ್ತಾನೆ, ಸುತ್ತಲಿನವರು ನಗುತ್ತಾರೆ. ಖದೀಜಳ ಎದುರಿಗೂ ಹಾಗೆಯೇ ಅಂದ. ಅವಳು ಕಿವಿರು ಎತ್ತಿ ನೋಡಿ, ಕೊಳ್ಳದೆ ಬಂದಳು.

ಅಕ್ಷಿತಾ ಅವಳ ಹತ್ತಿರ ಹೋಗಿದ್ದಳೋ ಇಲ್ಲವೋ ಎಂಬುದು ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ, ಕೇಳಿದ್ದರೆ ನನಗೂ ಅದೇ ಪೂರ್ತಿ ವಾಕ್ಯ ಸಿಗುತ್ತಿತ್ತು. ಕೆಲವು ತಿಂಗಳ ಹಿಂದೆ ಖದೀಜಳೂ ನಾನೂ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಶಾಲೆ ಬಿಟ್ಟ ಹೊತ್ತು. ಅಕ್ಷಿತಾ ಇಬ್ಬರು ಶಿಕ್ಷಕಿಯರ ಜತೆ ಎದುರಿನಿಂದ ಬರುತ್ತಿದ್ದಳು. ಖದೀಜ ಎಂದಿನಂತೆ ಬಸ್ಸಿನ ಬೋರ್ಡು ಓದುತ್ತ ನಿಂತಳು. ಹುಡುಗಿ ದಾಟಿ ಹೋಗಬಹುದಿತ್ತು. ಹೋಗಲಿಲ್ಲ. ನಮ್ಮೆದುರು ನಿಂತು, ಬಸ್‌ಸ್ಟ್ಯಾಂಡಿಗೆಲ್ಲ ಕೇಳುವಂತೆ, "ನಮಸ್ಕಾರ ಮೇಡಂ!" ಎಂದಳು.

"ನಮಸ್ಕಾರ. ಶಾಲೆ ಬಿಟ್ಟಿತಾ?" ಎಂದಳು ಖದೀಜ. ಮಾತನಾಡಿಸಿದ ಯಾರನ್ನೇ ಆದರೂ ಅವಳು ಕೇಳುವುದು ಅಷ್ಟೇ. ಆ ಸ್ವರದಿಂದ ಜತೆಗಿದ್ದ ಶಿಕ್ಷಕಿಯರಿಗೆ ಏನೂ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ.